ಕೋಣೆಯಲ್ಲಿದ್ದವರು

ಬೆಳಿಗ್ಗೆ ಹತ್ತಕ್ಕೆ ಸೊಸೆ ಸೆರಗಿಗೆ ಕೈಯೊರೆಸಿಕೊಂಡು ಮಾವನ ಕೋಣೆಗೆ ಹೋದಳೆಂದರೆ ಹೊರಗೆ ಬರುವುದು ಒಂದು ಗಂಟೆಗೆ. ಏಳು ವರ್ಷದಿಂದ ಇದೇ ಪಾಡು. ಹತ್ತರೊಳಗೆ ಅಡುಗೆ ಮುಗಿದಿರಬೇಕು, ಬಟ್ಟೆ ಹಗ್ಗದ ಮೇಲೆ ಬಿದ್ದಿರಬೇಕು, ಮಗಳು ಪುಟ್ಟಿ ಶಾಲೆಯ ಬಸ್ಸು ಹತ್ತಿರಬೇಕು. ಒಂದಕ್ಕೆ ಅವಳು ಹೊರಬರುವಾಗ ಅತ್ತೆ ಊಟದ ಮೇಜಿನ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದರು.

"ಮೂರು ಗಂಟೆ ಫ್ಯಾನಿನ ಕೆಳಗೆ ಕೂತು ಬಂದೆಯಲ್ಲ ಪುಣ್ಯಾತ್ಗಿತ್ತಿ, ಸಾರು ಆರಿ ತಣ್ಣಗಾಗಿದೆ. ಬಿಸಿ ಮಾಡು."

ಬಿಸಿ ಮಾಡುತ್ತಿದ್ದಳು. ಇನ್ನೇನು ಮಾಡುತ್ತಾಳೆ, ಪಾಪ.

ಮಾವ ಅಂದರೆ ಸಾಮಾನ್ಯರಲ್ಲ. ವಿಶ್ವವಿದ್ಯಾಲಯದ ಇಸ್ಲಾಮಿಕ್ ಅಧ್ಯಯನ ವಿಭಾಗದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದ ಪ್ರೊಫೆಸರು. ಪ್ರವಾದಿಯವರ ನುಡಿಗಳು, ಅಂದರೆ ಹದೀಸು, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೇಗೆ ದಾಟಿ ಬಂದವು ಎನ್ನುವುದೇ ಅವರ ಜೀವಮಾನದ ಕೆಲಸ. ಹಿಂದಿನ ಕಾಲದಲ್ಲಿ ಗುರುವಿನ ಮುಂದೆ ಹದೀಸಿನ ಗ್ರಂಥವೊಂದನ್ನು ಓದಿ ಮುಗಿಸಿದ ಮೇಲೆ ಅದರ ಕೊನೆಯ ಹಾಳೆಯಲ್ಲಿ ಹಾಜರಿ ಬರೆಯುತ್ತಿದ್ದರಂತೆ. ಯಾರು ಓದಿದರು, ಯಾರು ಕೇಳಿದರು, ಯಾರು ತಡವಾಗಿ ಬಂದರು, ಯಾರು ನಡುವೆ ತೂಕಡಿಸಿದರು, ಯಾರು ಪಕ್ಕದವನ ಜೊತೆ ಹರಟೆ ಹೊಡೆಯುತ್ತಿದ್ದರು, ಎಲ್ಲವೂ ಅದರಲ್ಲಿ. ಮಕ್ಕಳನ್ನೂ ಬಿಡುತ್ತಿರಲಿಲ್ಲ. ಐದು ವರ್ಷ ತುಂಬಿದ ಮಗುವಾದರೆ 'ಕೇಳಿತು' ಎಂದು, ತುಂಬದಿದ್ದರೆ 'ಅಲ್ಲಿತ್ತು' ಎಂದು ಬರೆಯುವುದು. ಹಾಜರಿಯಲ್ಲಿ ಹೆಸರಿದ್ದವರಿಗೆ ಮುಂದೆ ಅದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಹಕ್ಕು.

ಅಂಥ ನಾನೂರು ಹಾಜರಿ ಪಟ್ಟಿಗಳನ್ನು ಇಟ್ಟುಕೊಂಡು ಪ್ರೊಫೆಸರು ಪುಸ್ತಕ ಬರೆಯಲು ಕೂತರು. ಕೂತ ವರ್ಷವೇ ಕಣ್ಣು ಕೈಕೊಟ್ಟಿತು. ಬೆಳಕು ಎಲ್ಲಿದೆ ಎಂದು ಗೊತ್ತಾಗುತ್ತಿತ್ತೇ ಹೊರತು ಅಕ್ಷರ ಕಾಣುತ್ತಿರಲಿಲ್ಲ. ಸೊಸೆ ಅರಬ್ಬಿಯಲ್ಲಿ ಎಂ.ಎ. ಮಾಡಿದ್ದಾಳೆ ಎನ್ನುವುದು ಮನೆಗೆ ನೆನಪಾದದ್ದು ಆಗ. ಮದುವೆಯ ಮಾತುಕತೆಯಲ್ಲಿ ಯಾರಿಗೂ ಬೇಡವಾಗಿದ್ದ ಓದಿಗೆ ಒಮ್ಮೆಲೇ ಬೆಲೆ ಬಂತು. ಪಟ್ಟಿಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು, ಮಾಸಿದ ಅಕ್ಷರಗಳ ಜೊತೆ ಗುದ್ದಾಡಿ ಅವಳು ಓದುವಳು. ಕುರ್ಚಿಗೊರಗಿ ಅವರು ಹೇಳುವರು. ಅದನ್ನು ಅವಳೇ ಟೈಪು ಮಾಡುವಳು.

ಕೆಲಸ ಮುಗಿಯುತ್ತ ಬಂದ ಹಾಗೆ ಅವಳಿಗೊಂದು ಆಸೆ ಹುಟ್ಟಿತು. ಹಸ್ತಪ್ರತಿ ಗ್ರಂಥಾಲಯದಲ್ಲಿ ಅರಬ್ಬಿ ಪ್ರತಿಗಳ ಪಟ್ಟಿ ಮಾಡುವ ಹುದ್ದೆಯೊಂದು ಖಾಲಿಯಾಗಿತ್ತು. ಪ್ರತಿಗಳ ಚಿತ್ರ ತರಲು ಓಡಾಡಿ ಅಲ್ಲಿನ ನಿರ್ದೇಶಕಿಯ ಪರಿಚಯವಾಗಿತ್ತು. ಮಾತು ಕಡಿಮೆಯ ಹೆಂಗಸು, ಆದರೆ ಒಳ್ಳೆಯವರು.

"ಕೆಲಸ ಮಾಡಿರೋದು ನೀವು ಅಂತ ನನಗೆ ಗೊತ್ತು," ಎಂದರು ಆಕೆ. "ಆಯ್ಕೆ ಸಮಿತಿಗೂ ಗೊತ್ತಾಗಬೇಕಲ್ಲ. ಪುಸ್ತಕದ ಮುನ್ನುಡಿಯಲ್ಲಿ ಒಂದೇ ಒಂದು ಸಾಲು ಬರಲಿ. ಪಟ್ಟಿಗಳನ್ನ ಓದಿಕೊಟ್ಟವರು ಇವರು ಅಂತ, ಹೆಸರು ಸಮೇತ. ಹುದ್ದೆ ಅಲ್ಲೀವರೆಗೂ ನಾನು ಹಿಡಿದಿಟ್ಟಿರ್ತೀನಿ."

ಒಂದು ಸಾಲು ಬಂದರೆ ದಿನಕ್ಕೆ ಎಂಟು ಗಂಟೆ ಆ ಮನೆಯಿಂದ ಹೊರಗಿರಬಹುದು. ಬಸ್ಸಿನಲ್ಲಿ ಬರುವಾಗ ಅವಳು ಒಬ್ಬಳೇ ನಕ್ಕಳು. ಗಂಡನಿಗೆ ಹೇಳಿದಳು. ಅವನು ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕ. ಮನೆಯಲ್ಲಿ ಯಾವುದರ ಮೇಲೂ ಅವನ ವಿಚಾರ ನಡೆಯುತ್ತಿರಲಿಲ್ಲ.

"ಅಪ್ಪನ್ನೇ ಕೇಳು. ಮಧ್ಯ ನನ್ನ ಎಳೀಬೇಡ," ಎಂದು ಮಗ್ಗುಲಾದ.

ಮಾವನನ್ನೇ ಕೇಳಿದಳು. "ನೋಡೋಣ," ಎಂದರು ಪ್ರೊಫೆಸರು. ಆ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಎಂದೇ ಅರ್ಥ. ಆದರೂ ಆಸೆ ಎನ್ನುವುದು ಕೇಳಬೇಕಲ್ಲ.

ಅಷ್ಟರಲ್ಲಿ ಅವಳ ಕಣ್ಣಿಗೊಂದು ತಪ್ಪು ಬಿತ್ತು. ಬೀಳದೇ ಇದ್ದಿದ್ದರೆ ಚೆನ್ನಾಗಿತ್ತು. ಪುಸ್ತಕದ ನಾಲ್ಕನೆಯ ಅಧ್ಯಾಯವೆಂದರೆ ಪ್ರೊಫೆಸರಿಗೆ ಪ್ರಾಣ. ನೂರ ಹದಿನೆಂಟು ವರ್ಷ ಬದುಕಿ, ಎಂಬತ್ತಾರು ವರ್ಷ ಪಾಠ ಹೇಳಿದ ಒಬ್ಬ ಗುರುವಿನ ಕಥೆ ಅದು. ಹತ್ತು ಸಭೆಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ ಸಾರು, ತಲೆಗೊಂದು ಬೇಯಿಸಿದ ಮೊಟ್ಟೆ. ಪ್ರೊಫೆಸರ ಮೊಟ್ಟೆಯ ಸಿಪ್ಪೆ ಬಿಡಿಸಿ ತಟ್ಟೆಗಿಡುತ್ತ ಸೊಸೆ ಮೆಲ್ಲಗೆ ಮಾತು ತೆಗೆದಳು.

"ಮಾವ, ನಾಲ್ಕನೇ ಅಧ್ಯಾಯದಲ್ಲಿ ಏನೋ ಎಡವಟ್ಟಾಗಿದೆ ಅನ್ಸುತ್ತೆ."

"ಏನಂತೆ?"

"ಆ ಗುರುಗಳು ಒಬ್ಬರಲ್ಲ ಮಾವ, ಇಬ್ಬರು. ತಾತ, ಮೊಮ್ಮಗ. ಇಬ್ಬರದೂ ಒಂದೇ ಹೆಸರು. ಮುನ್ನೂರ ಹನ್ನೆರಡನೇ ಪಟ್ಟಿಯ ಅಂಚಿನಲ್ಲಿ ಇದೆ. ಗುರುಗಳ ಮೊಮ್ಮಗ, ಅವರ ಹೆಸರಿನವನೇ, ಐದು ವರ್ಷ, ಕೇಳಿದನು ಅಂತ. ನಾನು ಆವತ್ತೇ ಓದಿದ್ದೆ, ನಾವಿಬ್ಬರೂ ಗಮನಿಸಲಿಲ್ಲ. ತಾತ ತೀರಿಕೊಂಡ ಮೇಲೆ ಪಾಠ ಹೇಳಿದ್ದು ಈ ಮೊಮ್ಮಗ ಇರಬೇಕು."

"ಐದು ವರ್ಷಕ್ಕೇ ಅವನ ಹೆಸರು ಬರೆದ್ರಾ? ನಂಗೆ ಎಂಟು," ಎಂದಳು ಪುಟ್ಟಿ, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಪ್ರೊಫೆಸರು ತುತ್ತು ನುಂಗಿ, ನಿಧಾನವಾಗಿ ನೀರು ಕುಡಿದರು.

"ಸಾರಿಗೆ ಉಪ್ಪು ಹಾಕಿದ್ಯಾ?"

"ಹಾಕಿದೀನಿ."

"ಒಂದು ಸಲ ಅಲ್ಲ, ಎರಡು ಸಲ ಹಾಕಿದೀಯ. ನಿನ್ನ ಕೈಯಾರೆ ಹಾಕಿದ ಉಪ್ಪು ಒಂದು ಸಲವೋ ಎರಡು ಸಲವೋ ಗೊತ್ತಿಲ್ಲ ನಿನಗೆ. ಎಂಟುನೂರು ವರ್ಷದ ಹಿಂದಿನ ಗುರುಗಳು ಒಬ್ಬರೋ ಇಬ್ಬರೋ ಅಂತ ಎಣಿಸೋಕೆ ಬಂದಿದೀಯ."

ಗಂಡ ನಕ್ಕ. ನಕ್ಕದ್ದಕ್ಕೆ ನೆತ್ತಿಗೇರಿ ಕೆಮ್ಮಿದ. "ನಮ್ಮ ಅಡುಗೆಮನೇಲಿ ಯೂನಿವರ್ಸಿಟಿ ಶುರುವಾಗಿದೆ ಕಣೋ, ನಿನಗೆ ಗೊತ್ತಿಲ್ವಾ," ಎಂದು ಅತ್ತೆ ಮಗನ ಬೆನ್ನು ತಟ್ಟಿದರು. ಸಾರಿನಲ್ಲಿ ಉಪ್ಪು ಸರಿಯಾಗೇ ಇತ್ತು.

ಎರಡು ವಾರ ಬಿಟ್ಟು ಅಚ್ಚಿನ ಕರಡು ಬಂದಾಗ ಅವಳು ಮತ್ತೊಮ್ಮೆ ಹೇಳಿ ನೋಡಿದಳು. ಈ ಸಲ ಕೋಣೆಯಲ್ಲಿ ಅವರಿಬ್ಬರೇ.

"ನೀನು ನನ್ನ ಕನ್ನಡಕ," ಎಂದರು ಪ್ರೊಫೆಸರು. ಸಿಟ್ಟೂ ಇರಲಿಲ್ಲ ದನಿಯಲ್ಲಿ. "ಕನ್ನಡಕ ಮಾತಾಡಲ್ಲ. ಸರಿ ಇದೆ ಅಂತ ಬರೆದು ಕಳಿಸು."

ಬರೆದು ಕಳಿಸಿದಳು. ಕೊನೆಗೆ ಮುನ್ನುಡಿಯ ದಿನ ಬಂತು. ಅವರು ಹೇಳುತ್ತ ಹೋದರು, ಅವಳು ಟೈಪು ಮಾಡುತ್ತ ಹೋದಳು. ಕಾಲವಾದ ಗುರುಗಳಿಗೆ ವಂದನೆ. ಧನಸಹಾಯ ಕೊಟ್ಟ ಸಂಸ್ಥೆಗೆ, ಕಣ್ಣಿನ ಡಾಕ್ಟರಿಗೆ, ಪ್ರಕಾಶಕರಿಗೆ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಟೋದವನಿಗೂ ವಂದನೆ, ಅವನ ಹೆಸರು ಸಮೇತ. ಪ್ರತಿ ಸಾಲಿಗೂ ಅವಳ ಬೆರಳು ಕಾಯುತ್ತಿತ್ತು.

"ಮನೆಯವರೆಲ್ಲರ ಸಹಕಾರವನ್ನು ನೆನೆಯುತ್ತೇನೆ. ಇಷ್ಟೇ. ಮುಗೀತು."

"ಮಾವ, ನಂದು?"

"ಮನೆಯವರು ಅಂತ ಬಂತಲ್ಲ. ನೀನು ಮನೆಯವಳಲ್ವಾ?"

ಅವಳು ಎದ್ದು ಹೋಗಿ ಅಕ್ಕಿ ತೊಳೆದಳು. ಆವತ್ತು ಅಕ್ಕಿಗೆ ಎಷ್ಟು ನೀರು ಸುರಿದಳೋ ದೇವರೇ ಬಲ್ಲ. ಅತ್ತೆ ನಲ್ಲಿ ನಿಲ್ಲಿಸಿ, "ನೀರೇನು ನಿಮ್ಮಪ್ಪ ತಂದು ತುಂಬಿಸ್ತಾನಾ?" ಎಂದರು.

ನಿರ್ದೇಶಕಿ ಮಾತ್ರ ಕೈಬಿಡಲಿಲ್ಲ. ಪುಸ್ತಕದಲ್ಲಿ ಬರದಿದ್ದರೆ ಹೋಗಲಿ, ಪ್ರೊಫೆಸರ ಸಹಿಯಿರುವ ಒಂದು ಪತ್ರವಾದರೂ ತನ್ನಿ ಎಂದರು. "ಬರೆಸೋಣ," ಎಂದರು ಪ್ರೊಫೆಸರು. ಪುಸ್ತಕ ಬಿಡುಗಡೆಯಾಯಿತು. ಶಾಲು, ಹಾರ, ಭಾಷಣ, ಪತ್ರಿಕೆಯಲ್ಲಿ ಫೋಟೋ. ಪತ್ರದ ಸುದ್ದಿಯಿಲ್ಲ.

ಒಂದೂವರೆ ತಿಂಗಳಿಗೆ ವಿಭಾಗದ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಬರೆದವನು ಅವರದೇ ಹಳೆಯ ಶಿಷ್ಯ, ಈಗ ಅಲ್ಲೇ ಮೇಷ್ಟರು. ಪ್ರೊಫೆಸರು ಹಸನ್ಮುಖರಾಗಿ ಕುರ್ಚಿಯಲ್ಲಿ ಕೂತು, "ಓದು, ಏನು ಹೊಗಳಿದಾನೆ ನೋಡೋಣ," ಎಂದರು.

ಸೊಸೆ ಮೊದಲೇ ಒಮ್ಮೆ ಕಣ್ಣಾಡಿಸಿದ್ದಳು. ಬೇಕಾಗಿದ್ದರೆ ನಾಲ್ಕು ಸಾಲು ಹಾರಿಸಬಹುದಿತ್ತು. ಹಾರಿಸಲಿಲ್ಲ. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಶಾಲೆಯ ಮಕ್ಕಳಿಗೆ ಓದಿದ ಹಾಗೆ ಓದಿದಳು. ಸುಳ್ಳೇಕೆ ಹೇಳಬೇಕು, ಅವಳಿಗೆ ಸಂತೋಷವೇ ಆಯಿತು. "ತಾತನನ್ನೂ ಮೊಮ್ಮಗನನ್ನೂ ಒಂದೇ ಗೋರಿಯಲ್ಲಿ ಮಲಗಿಸಿದ ಕೀರ್ತಿ ನಮ್ಮ ಹಿರಿಯ ವಿದ್ವಾಂಸರಿಗೆ ಸಲ್ಲುತ್ತದೆ. ಮುನ್ನೂರ ಹನ್ನೆರಡನೆಯ ಪಟ್ಟಿಯ ಅಂಚನ್ನು ಮೊದಲ ವರ್ಷದ ವಿದ್ಯಾರ್ಥಿಯೂ ಬಿಡುವುದಿಲ್ಲ," ಎನ್ನುವ ಸಾಲಿಗೆ ಬಂದಾಗ ಒಂದು ಗುಟುಕು ನೀರು ಕುಡಿದು, ಆ ಸಾಲನ್ನು ಮತ್ತೆ ಮೊದಲಿಂದ ಓದಿದಳು.

ಪ್ರೊಫೆಸರ ಮುಖ ಕಪ್ಪಿಟ್ಟಿತು.

"ಆ ಪಟ್ಟಿ ನನಗೆ ಓದಿ ಹೇಳಿದ್ದು ಯಾರು?"

"ನಾನೇ."

"ಅಂಚು ಓದಿದ್ಯಾ?"

"ಓದಿದ್ದೆ. ಆಮೇಲೆ ತಪ್ಪಾಗಿದೆ ಅಂತ ಎರಡು ಸಲ ಹೇಳಿದ್ದೆ."

"ನಾನು ಕೇಳಿಲ್ಲ," ಎಂದರು ಪ್ರೊಫೆಸರು. "ನೀನು ಓದಿಲ್ಲ, ಹಾಗಾಗಿ ನಾನು ಕೇಳಿಲ್ಲ."

ಆ ಸಂಜೆ ಗಂಡ ಗೋದಾಮಿನಿಂದ ಬಂದು ಚಹಾ ಕುಡಿಯುವ ಹೊತ್ತಿಗೆ ಪಂಚಾಯಿತಿ ಸೇರಿತು. ತಪ್ಪೋಲೆ, ಅಂದರೆ ತಪ್ಪು ತಿದ್ದುವ ಚೀಟಿ, ಅಚ್ಚು ಹಾಕಿಸಿ ಎಲ್ಲ ಪ್ರತಿಗಳಿಗೂ ಅಂಟಿಸಬೇಕು, ಓದಿದವಳು ಅಂಚನ್ನು ಬಿಟ್ಟು ಓದಿದಳು ಎಂದು ಅದರಲ್ಲಿ ಬರಬೇಕು ಎಂದರು ಪ್ರೊಫೆಸರು. ಸೊಸೆ ಮೊದಲ ಸಲ ದನಿಯೇರಿಸಿದಳು.

"ಆ ಭಾನುವಾರ ಊಟಕ್ಕೆ ಕೂತಾಗ ಎಲ್ಲರ ಎದುರಿಗೇ ಹೇಳಿದೀನಿ. ಅತ್ತೆ, ನೀವೂ ಇದ್ರಿ. ಹೇಳಿ."

"ನಾನು ಅಡುಗೆಮನೇಲಿದ್ದೆ."

"ನನ್ನ ಪಕ್ಕದಲ್ಲೇ ಕೂತಿದ್ರಿ. ಯೂನಿವರ್ಸಿಟಿ ಅಂದಿದ್ದು ನೀವೇ."

"ದಿನಕ್ಕೆ ನೂರು ಮಾತಾಡ್ತೀನಿ. ಎಲ್ಲಾ ಬರೆದಿಟ್ಕೊಳ್ಳೋಕೆ ನನಗೆ ಗುಮಾಸ್ತ ಇದಾನಾ?"

ಅವಳು ಗಂಡನ ಕಡೆ ತಿರುಗಿದಳು. "ರೀ, ನೀವಾದ್ರೂ ಹೇಳಿ. ನಕ್ಕಿದ್ರಿ ನೀವು. ನೆತ್ತಿಗೇರಿತ್ತು."

ಗಂಡ ಲೋಟದ ತಳ ನೋಡುತ್ತ ಕೂತಿದ್ದ. "ಫೋನ್ ನೋಡ್ತಾ ಇದ್ದೆ ಅನ್ಸುತ್ತೆ. ಏನೋ ಮಾತು ಬಂತು, ಏನು ಅಂತ ನೆನಪಿಲ್ಲ. ಬಿಡೆ, ವಯಸ್ಸಾದೋರು. ಹೆಸರು ಮಾಡಿರೋದು ಅವರು. ನಿನಗೇನು ಹೋಗೋದಿದೆ?"

ಒಬ್ಬರು ಹೊರಗಿದ್ದರು, ಒಬ್ಬರ ಗಮನ ಎಲ್ಲೋ ಇತ್ತು. ಇಂಥವರ ಲೆಕ್ಕ ಇಡುವುದನ್ನೇ ಮೂವತ್ತೊಂದು ವರ್ಷ ಪಾಠ ಮಾಡಿದ ಮನುಷ್ಯ ಕಣ್ಣು ಮುಚ್ಚಿಕೊಂಡು ತಲೆದೂಗುತ್ತ ಕೂತಿದ್ದರು. ಆಗ ಬಾಗಿಲ ಹತ್ತಿರದಿಂದ ಪುಟ್ಟಿಯ ದನಿ ಬಂತು.

"ತಾತ, ನಾನು ಕೇಳಿದೀನಿ. ಅಮ್ಮ ಇಬ್ಬರು ಅಂದ್ರು. ಐದು ವರ್ಷದ ಹುಡುಗ ಅಂದ್ರು. ನೀವು ಉಪ್ಪು ಜಾಸ್ತಿ ಅಂದ್ರಿ."

ಸೊಸೆಗೆ ಎದೆ ತುಂಬಿ ಬಂತು.

"ಮಾವ, ಐದು ತುಂಬಿದ ಮಗು ಕೇಳಿದ್ದು ಕೇಳಿದ್ದೇ. ನಿಮ್ಮ ಪುಸ್ತಕದಲ್ಲೇ ಬರೆದಿದೀರಿ. ಟೈಪು ಮಾಡಿದ್ದು ನಾನು."

"ಆ ಮಕ್ಕಳಿಗೆ ತಾಯಿ ಹೇಳಿಕೊಟ್ಟು ಕಳಿಸ್ತಾ ಇರಲಿಲ್ಲ," ಎಂದರು ಪ್ರೊಫೆಸರು. ಮಗನ ಕಡೆ ತಿರುಗಿ, "ನಿನ್ನ ಮಗಳು ಸುಳ್ಳು ಕಲೀತಾ ಇದಾಳೆ, ನೋಡ್ಕೋ," ಎಂದರು.

ಅತ್ತೆ ಎದ್ದು ಮಗುವಿನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಮರುದಿನದಿಂದ ತಾಯಿ, ಮಗಳು ಇಬ್ಬರ ಜೊತೆಗೂ ಮನೆಯವರ ಮಾತು ನಿಂತಿತು. ಶಾಲೆಯ ಪ್ರವಾಸಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಅಪ್ಪ ವಾಪಸು ತೆಗೆದುಕೊಂಡ. ಸಂಜೆಯಾದರೆ ತಾತನ ಕಾಲ ಹತ್ತಿರ ಕೂತು ಕಥೆ ಕೇಳುವುದು ಅವಳ ಅಭ್ಯಾಸ. ಹೋಗಿ ಕೂತರೆ ತಾತ ರೇಡಿಯೋ ಹಾಕಿದರು. ಅಜ್ಜಿ ಬಡಿಸುವಾಗ ಎಲ್ಲರ ತಟ್ಟೆಗೂ ಹಾಕಿ, ಅವಳದೊಂದನ್ನು ಬಿಟ್ಟು ಪಾತ್ರೆ ಮುಚ್ಚಿದರು. ತಾಯಿ ಎದ್ದು ಬಡಿಸಿದಳು. ಎಂಟು ವರ್ಷದ ಮಗು ಇದನ್ನು ಎಷ್ಟು ದಿನ ತಡೆದೀತು? ನಾಲ್ಕು ದಿನ ತಡೆಯಿತು. ಐದನೆಯ ದಿನ ಬೆಳಿಗ್ಗೆ ತಾತನ ಕೋಣೆಗೆ ತಾನಾಗಿಯೇ ಹೋಗಿ ಅರ್ಧ ಗಂಟೆ ಇದ್ದು ಬಂತು. ಆವತ್ತು ಅಜ್ಜಿ ಅವಳ ತಟ್ಟೆಗೆ ಎರಡು ಮೊಟ್ಟೆ ಹಾಕಿದರು. ಪ್ರವಾಸದ ಒಪ್ಪಿಗೆಯೂ ಬಂತು. ಒಳಗೆ ಏನು ನಡೆಯಿತು ಎಂದು ತಾಯಿ ಕೇಳಲಿಲ್ಲ. ಮಗು ನಗುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡಳು.

ತಪ್ಪೋಲೆಯನ್ನು ತಾನು ಟೈಪು ಮಾಡುವುದಿಲ್ಲ ಎಂದು ಸೊಸೆ ಹಟ ಹಿಡಿದಳು. ಆಯಿತು, ಬೇಡ ಎಂದರು. ಗಂಡ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮುಗಿಸಿದ. ಏಳು ವರ್ಷದ ದುಡಿಮೆಗೆ ಸಿಗಬೇಕಿದ್ದ ಸಾಲು ಕೊನೆಗೂ ಬಂತು: ಮೂಲ ಪಟ್ಟಿಗಳನ್ನು ಲೇಖಕರಿಗೆ ಓದಿ ಹೇಳಿದ ಇಂಥವರು ಅಂಚಿನ ಬರಹವನ್ನು ಬಿಟ್ಟು ಓದಿದ್ದರಿಂದ ನಾಲ್ಕನೆಯ ಅಧ್ಯಾಯದಲ್ಲಿ ದೋಷ ಉಳಿದಿದೆ, ವಿಷಾದಿಸುತ್ತೇವೆ. ಅವಳ ಪೂರ್ತಿ ಹೆಸರು, ಅವಳ ಅಪ್ಪನ ಹೆಸರು, ಕೊನೆಗೆ ಎಂ.ಎ. ಕೂಡ. ಅಕ್ಷರದೋಷ ಒಂದೂ ಇರಲಿಲ್ಲ.

ಐನೂರು ಪ್ರತಿಗಳು ಮನೆಗೆ ಬಂದವು. ಊಟದ ಮೇಜಿನ ಮೇಲೆ ಅತ್ತೆ ಅಂಟು ಕಲಸಿಟ್ಟರು, ಗಂಡ ಪುಟ ತೆರೆದುಕೊಟ್ಟ, ಪುಟ್ಟಿ ನಾಲಗೆ ಕಚ್ಚಿಕೊಂಡು ಒಂದೊಂದೇ ಚೀಟಿಯನ್ನು ಸೊಟ್ಟಗಾಗದಂತೆ ಅಂಟಿಸಿದಳು. ಸೊಸೆ ಅವರಿಗೆಲ್ಲ ಎರಡು ಸಲ ಚಹಾ ಮಾಡಿಕೊಟ್ಟಳು. ಮಾಡಿಕೊಡದೆ ಎಲ್ಲಿಗೆ ಹೋಗುತ್ತಾಳೆ? ತವರಿನಲ್ಲಿ ಅಣ್ಣನ ಸಂಸಾರಕ್ಕೇ ಎರಡು ಕೋಣೆ. ಮಗುವನ್ನು ಮಾತ್ರ ಇಲ್ಲಿಂದ ಕದಲಿಸಬೇಡ ಎಂದು ಗಂಡ ಮೊದಲೇ ಹೇಳಿಟ್ಟಿದ್ದ.

ಗ್ರಂಥಾಲಯಕ್ಕೂ ಒಂದು ಪ್ರತಿ ಹೋಯಿತು. ಮೂರನೆಯ ದಿನ ಮಧ್ಯಾಹ್ನ ನಿರ್ದೇಶಕಿ ತಾವೇ ಮನೆಗೆ ಬಂದರು. ಕೈಯಲ್ಲಿ ಪುಸ್ತಕ, ಮುಖದಲ್ಲಿ ದಣಿವು.

"ನಾಳೆ ಸಮಿತಿ ಕೂತ್ಕೊಳ್ತಿದೆ ಸರ್," ಎಂದರು ಪ್ರೊಫೆಸರಿಗೆ. "ಅಂಚು ಬಿಟ್ಟು ಓದೋರನ್ನ ಹಸ್ತಪ್ರತಿ ಮುಂದೆ ಕೂರಿಸೋಕಾಗಲ್ಲ, ನಿಜ. ಆದ್ರೆ ಇವರನ್ನ ನಾನು ಬಲ್ಲೆ. ಅದಕ್ಕೇ ಕೇಳೋಣ ಅಂತ ಬಂದೆ. ಇವರು ನಿಮಗೆ ಹೇಳಿರಲಿಲ್ವಾ?"

"ಹೇಳಿದ್ರೆ ತಿದ್ದದೇ ಇರ್ತಿದ್ನಾ? ಮನೆಯವಳು. ಮುಚ್ಚಿಡಬಹುದಿತ್ತು. ವಿದ್ಯೆ ವಿಷಯದಲ್ಲಿ ಮನೆ, ಹೊರಗು ಅಂತ ನೋಡೋಕಾಗಲ್ಲ."

"ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದೆ ಮೇಡಂ," ಎಂದಳು ಸೊಸೆ. "ನನ್ನ ಮಗಳೂ ಇದ್ದಳು. ಅವಳು ಕೇಳಿದಾಳೆ. ಅವಳನ್ನೇ ಕೇಳಿ."

ಶಾಲೆಯಿಂದ ಆಗಷ್ಟೇ ಬಂದು ಸಮವಸ್ತ್ರದಲ್ಲೇ ನಿಂತಿದ್ದ ಪುಟ್ಟಿಯನ್ನು ಪ್ರೊಫೆಸರೇ ಕರೆದರು. "ಬಾ ಮಗಳೇ. ಮೇಡಂ ಕೇಳ್ತಾರೆ, ಹೆದರಬೇಡ. ನಿಜ ಹೇಳು."

ನಿರ್ದೇಶಕಿ ಬಗ್ಗಿ ಕೇಳಿದರು. "ಪುಟ್ಟಾ, ಊಟಕ್ಕೆ ಕೂತಾಗ ಅಮ್ಮ ತಾತನಿಗೆ ಪುಸ್ತಕದಲ್ಲಿ ತಪ್ಪಿದೆ ಅಂತ ಹೇಳಿದ್ರಾ?"

ಪುಟ್ಟಿ ಅಮ್ಮನನ್ನು ನೋಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತರಗತಿಯಲ್ಲಿ ಪದ್ಯ ಒಪ್ಪಿಸುವ ಹಾಗೆ ನೆಟ್ಟಗೆ ನಿಂತಳು.

"ಇಲ್ಲ. ಅಮ್ಮ ಏನೂ ಹೇಳಲಿಲ್ಲ. ಹೇಳಿದ್ದೆ ಅಂತ ಹೇಳು ಅಂತ ಆಮೇಲೆ ನನಗೆ ಹೇಳಿಕೊಟ್ರು."

"ಜಾಣೆ," ಎಂದರು ಪ್ರೊಫೆಸರು.

ನಿರ್ದೇಶಕಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲವರೆಗೆ ಬಂದ ಸೊಸೆಯನ್ನು ಅವರು, ಮಗುವಿನ ಕೈಲಿ ಹೀಗೆ ಮಾಡಿಸಬಾರದಿತ್ತು ಎನ್ನುವಂತೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅವಳು ಅಡುಗೆಮನೆಗೆ ಬಂದು ಒಲೆಯ ಕಟ್ಟೆ ಹಿಡಿದು ನಿಂತಳು. ಪುಟ್ಟಿ ಹಿಂದೆಯೇ ಬಂದಳು. ಸೆರಗು ಜಗ್ಗಿದಳು. ಮುಖದಲ್ಲಿ ಬಹುಮಾನ ಗೆದ್ದ ಸಂಭ್ರಮ.

"ಅಮ್ಮಾ, ಇನ್ಮೇಲೆ ನಿನ್ನ ಜೊತೆಗೂ ಎಲ್ಲರೂ ಮಾತಾಡ್ತಾರೆ. ತಾತ ಹೇಳಿದಾರೆ. ನಾನು ಸರಿಯಾಗಿ ಹೇಳಿದ್ನಾ?"

ಅವಳು ಹೊಡೆದಳು. ಎಂಟು ವರ್ಷದಲ್ಲಿ ಒಮ್ಮೆಯೂ ಮಗುವಿನ ಮೇಲೆ ಎತ್ತದ ಕೈ ಅದು. ಮಾವನಿಗೆ, ಅತ್ತೆಗೆ, ಗಂಡನಿಗೆ ಬೀಳಬೇಕಾಗಿದ್ದದ್ದೆಲ್ಲ ಸೇರಿ ಆ ಪುಟ್ಟ ಕೆನ್ನೆಯ ಮೇಲೆ ಬಿತ್ತು. ಮಗು ಗೋಡೆಗೆ ತಾಗಿ ಕೆಳಗೆ ಕೂತಿತು. ತುಟಿಯಲ್ಲಿ ರಕ್ತ ಜಿನುಗಿತು.

"ಏನದು ಸದ್ದು?" ಎಂದು ಹಜಾರದಿಂದ ಅತ್ತೆ ಕೂಗಿದರು. "ಯಾಕೆ, ಮಗುಗೆ ಹೊಡೆದ್ಯಾ?"

ಪುಟ್ಟಿ ಅಮ್ಮನ ಮುಖವನ್ನೇ ನೋಡಿದಳು. ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡಳು. ಒಂದು ಹನಿ ಕಣ್ಣೀರಿಲ್ಲ.

"ಇಲ್ಲ ಅಜ್ಜಿ," ಎಂದಳು, ಅದೇ ನೆಟ್ಟಗಿನ ದನಿಯಲ್ಲಿ. "ಅಮ್ಮ ಇಲ್ಲಿ ಇರಲೇ ಇಲ್ಲ. ನಾನೇ ಬಿದ್ದೆ."